ಭಾವನ ಕಾರ್ಡು

ನಮ್ಮ ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ಭಾವ ಎಂದೇ ಕರೆಯುತ್ತಿದ್ದೆವು. ಅವನ ಹೆಂಡತಿಯ ಬೆನ್ನಿಗೆ ಹುಟ್ಟಿದ ತಮ್ಮ ನಮ್ಮ ಕೋಣೆಯಲ್ಲೇ ಇದ್ದ. ಆ ಬಾಮೈದ ಮಾತಿಗೊಂದು ಸಲ 'ಭಾವಾ' ಎನ್ನುವುದನ್ನು ಕೇಳಿ ಕೇಳಿ, ಯಾವ ಸಂಬಂಧವೂ ಇಲ್ಲದ ನಾವೂ ಅದನ್ನೇ ಹಿಡಿದುಕೊಂಡೆವು.

ಭಾವನದು ಇಸ್ತ್ರಿ ಕೆಲಸ. ಹೋಟೆಲುಗಳಿಂದ ಬಂದ ಹಾಸುಹೊದಿಕೆಗಳನ್ನು ನಾನು ಮೆಷೀನಿಗೆ ಹಾಕಿ ಒಗೆದು ಕೊಟ್ಟರೆ, ಪಕ್ಕದ ಮೇಜಿನಲ್ಲಿ ಅವನು ಇಸ್ತ್ರಿ ಮಾಡುತ್ತಿದ್ದ. ಆ ಆವಿಯಲ್ಲಿ ದಿನವಿಡೀ ನಿಂತರೂ ಅವನಿಗೆ ಒಂದು ನೆಗಡಿ ಬಂದದ್ದನ್ನು ನಾನು ಕಾಣೆ. ಕೋಣೆಗೆ ಬಂದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ನಾನು ಮುದುರಿ ಬಿಸಾಡಿದ ಅಂಗಿಯನ್ನು ಎತ್ತಿಕೊಂಡು, "ನಿನ್ನನ್ನ ಕಟ್ಟಿಕೊಂಡವಳಿಗೆ ಒಂದು ಪದಕ ಕೊಡ್ಬೇಕು ಕಣಯ್ಯ" ಎಂದು ಗೊಣಗುತ್ತ ಮಡಚಿಡುತ್ತಿದ್ದ. ಸಿಟ್ಟೆಲ್ಲ ನನ್ನ ಪಾಲಿಗೆ ಬಂದಿತ್ತು, ತಾಳ್ಮೆಯೆಲ್ಲ ಅವನ ಪಾಲಿಗೆ.

ನಾವು ದುಡಿಯಲು ಹೋಗಿದ್ದ ಆ ದೇಶದಲ್ಲಿ ಹೊರಗಿನಿಂದ ಬಂದವರಿಗೆ ಆರೋಗ್ಯ ವಿಮೆ ಕಡ್ಡಾಯ. ಸಂಬಳ ಕೈಗೆ ಬರುವ ಮುಂಚೆಯೇ ಕಂತು ಮುರಿದುಕೊಂಡುಬಿಡುತ್ತಾರೆ, ಬೇಡ ಎನ್ನುವ ಹಾಗಿಲ್ಲ. ಭಾವ ಅದಕ್ಕೂ ನಗುತ್ತಿದ್ದ. "ಹೆಂಡತಿ ಮಕ್ಕಳ ಜೊತೆ ವಿಮೆಯವರನ್ನೂ ನಾನೇ ಸಾಕ್ತಿದ್ದೀನಿ ನೋಡು."

ಬಾಮೈದ ಗೋಡೆಗೆ ಬಣ್ಣ ಬಳಿಯುವವನು, ಒಬ್ಬ ಗುತ್ತಿಗೆದಾರನ ಕೈಕೆಳಗೆ. ಅವನ ಸಂಬಳದಲ್ಲೂ ಕಂತು ತಪ್ಪದೆ ಮುರಿಯುತ್ತಿದ್ದರು. ಆದರೆ ಅವನಿಗೆ ಕಣ್ಣು ಹಳದಿಯಾಗಿ, ಕುಡಿದ ನೀರೂ ದಕ್ಕದಂತಾದಾಗ ಆಸ್ಪತ್ರೆಗೆ ಕರೆದೊಯ್ದರೆ, ಕೌಂಟರಿನವಳು ಕಾರ್ಡನ್ನು ವಾಪಸ್ ತಳ್ಳಿದಳು. ಕಂತು ಕಟ್ಟೇ ಇಲ್ಲವಂತೆ. ಮುರಿದುಕೊಂಡದ್ದನ್ನೆಲ್ಲ ಗುತ್ತಿಗೆದಾರ ನುಂಗಿ ನೀರು ಕುಡಿದಿದ್ದ. ಫೋನ್ ಮಾಡಿದರೆ, "ನಾಳೆ ನೋಡೋಣ" ಎಂದ. ಅವನ ಮನೆ ಹಾಳಾಗ. ಇವತ್ತಿಗೂ ಅವನನ್ನು ನೆನೆದರೆ ನನ್ನ ಮೈ ಉರಿಯುತ್ತದೆ.

ವಿಮೆ ಇಲ್ಲದವನನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ. ಹಾಗೇ ಬಿಟ್ಟರೆ ಹುಡುಗ ಉಳಿಯುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಕಾಣುತ್ತಿತ್ತು. ಆಚೆ ಬಂದು ಭಾವ ತನ್ನ ಕಾರ್ಡನ್ನು ಅವನ ಜೇಬಿಗೆ ತುರುಕಿದ. ನಮ್ಮವರಲ್ಲಿ ಇದು ಹೊಸದೇನಲ್ಲ. ಚಳಿಯಾದವನಿಗೆ ಕಂಬಳಿ ಕೊಟ್ಟಷ್ಟು ಸಲೀಸಾಗಿ ಒಬ್ಬರ ಕಾರ್ಡು ಇನ್ನೊಬ್ಬರಿಗೆ ಹೋಗುತ್ತಿತ್ತು. ಸಿಕ್ಕಿಬಿದ್ದರೆ ಮಾತ್ರ ಇಬ್ಬರಿಗೂ ಜೈಲು.

"ಫೋಟೋ?" ಎಂದೆ.

"ಅದರಲ್ಲಿ ನನ್ನ ಗುರುತು ನನಗೇ ಹತ್ತಲ್ಲ. ಅವರಿಗೆ ನಾವೆಲ್ಲ ಒಂದೇ ಥರ ಕಾಣ್ತೀವಿ ಬಿಡು."

ಊರಿನ ಇನ್ನೊಂದು ತುದಿಯ ಆಸ್ಪತ್ರೆಗೆ ಟ್ಯಾಕ್ಸಿ ಹಿಡಿದೆವು. ದಾರಿಯುದ್ದಕ್ಕೂ ಭಾವ ಪಾಠ ಹೇಳಿದ. "ಹೆಸರು ನಂದು ಹೇಳು. ಹುಟ್ಟಿದ ತಾರೀಕು ನಂದು. ಹೆಂಡತಿ ಹೆಸರು ಕೇಳಿದ್ರೆ..."

"ಅಕ್ಕನ ಹೆಸರಾ? ಥೂ, ಹೋಗಿ ಭಾವ."

"ಲೋ, ಹೆಸರು ಹೇಳು ಅಂದೆ ಅಷ್ಟೇ, ಸಂಸಾರ ಮಾಡು ಅನ್ನಲಿಲ್ಲ."

ಅಷ್ಟು ಸಂಕಟದಲ್ಲೂ ಹುಡುಗ ನಕ್ಕುಬಿಟ್ಟ. ಕೌಂಟರಿನಲ್ಲಿ ಎಲ್ಲವನ್ನೂ ಸರಿಯಾಗಿ ಒಪ್ಪಿಸಿದ. ಮನೆಯ ಫೋನ್ ನಂಬರು ಎಂದಾಗ ಅಕ್ಕನ ನಂಬರನ್ನೇ ಹೇಳಿದ. ಸೇರಿಸಿಕೊಂಡರು. ವಾರ್ಡಿನೊಳಗೆ ಹೋಗುವಾಗ ತನ್ನ ಫೋನನ್ನು ಭಾವನ ಕೈಗೆ ಕೊಟ್ಟ.

ಊರಲ್ಲಿದ್ದ ಹೆಂಡತಿಗೆ ಭಾವ ಏನನ್ನೂ ತಿಳಿಸಲಿಲ್ಲ. ಸುಮ್ಮನೆ ಅವಳ ಹೊಟ್ಟೆ ಉರಿಸುವುದೇಕೆ, ಅವನು ಎದ್ದು ಓಡಾಡಲಿ, ಆಮೇಲೆ ನಾನೇ ಹೇಳುತ್ತೇನೆ ಎಂದ. ರಜೆ ಕೇಳಿದರೆ ಗುಟ್ಟು ಬಯಲಾದೀತೆಂದು ಹಗಲು ಇಸ್ತ್ರಿ ಮಾಡುತ್ತಿದ್ದ, ಸಂಜೆ ಆಸ್ಪತ್ರೆಗೆ ಓಡುತ್ತಿದ್ದ. ಬಂದು ನನಗೆ, "ಇವತ್ತು ಎರಡು ಚಮಚ ಗಂಜಿ ಕುಡಿದ" ಎನ್ನುತ್ತಿದ್ದ. ನಾನು ನಂಬಿದೆ. ಅವನೂ ನಂಬಿದ್ದ.

ಆ ಮಧ್ಯಾಹ್ನ ಬಾಮೈದನ ಫೋನು ರಿಂಗಾಯಿತು. ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇದ್ದುದರಿಂದ ಭಾವ ಅದನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದ. ಮಾತಾಡಿದ್ದು ಅವನ ಹೆಂಡತಿ. ತಮ್ಮನೇ ಫೋನ್ ಎತ್ತಿದ್ದಾನೆಂದು ಅವಳು ತಿಳಿದಿದ್ದಳು.

"ಪುಟ್ಟಾ, ನಿಮ್ಮ ಭಾವ ಹೋಗ್ಬಿಟ್ರಂತಲ್ಲೋ. ಆಸ್ಪತ್ರೆಯಿಂದ ಯಾರೋ ನಮ್ಮ ಭಾಷೆಯವರು ಫೋನ್ ಮಾಡಿ ಹೇಳಿದ್ರು. ಬೆಳಗ್ಗೇನೇ ಹೋದ್ರಂತೆ. ಹುಷಾರಿಲ್ಲ ಅಂತ ನಂಗೊಂದು ಮಾತು ಹೇಳಬಾರದಾಗಿತ್ತೇನೋ? ನೀನಾದ್ರೂ ಹತ್ತಿರ ಇದ್ಯಾ?"

ಹುಡುಗ ಇನ್ನಿಲ್ಲವೆಂದು ಭಾವನಿಗೆ ತಿಳಿದದ್ದು ಹೀಗೆ. ಅವನು ಅಲ್ಲಾಡಲಿಲ್ಲ. ಕೆಳಗಿದ್ದ ಬಟ್ಟೆಯಿಂದ ಸುಟ್ಟ ವಾಸನೆ ಬರತೊಡಗಿದಾಗ ನಾನೇ ಇಸ್ತ್ರಿಪೆಟ್ಟಿಗೆಯನ್ನು ಅವನ ಕೈಯಿಂದ ಬಿಡಿಸಿ ಪಕ್ಕಕ್ಕಿಟ್ಟೆ.

"ಮಾತಾಡೋ ಪುಟ್ಟಾ."

"ನಾನು ಕಣೇ" ಎಂದ ಭಾವ.

"ರೀ, ನೀವಾ? ನಿಜವಾಗ್ಲೂ ನೀವೇನಾ?" ಎಂದಳು. ಅತ್ತಳು, ಅಳುತ್ತಲೇ ನಕ್ಕಳು, ನಿಮ್ಮಪ್ಪ ಬದುಕಿದ್ದಾರೆ ಕಣ್ರೋ ಎಂದು ಮಕ್ಕಳನ್ನು ಕೂಗಿ ಕರೆದಳು. "ಆ ಆಸ್ಪತ್ರೆಯವರ ನಾಲಿಗೆ ಬಿದ್ದುಹೋಗ. ಯಾರದ್ದೋ ಸುದ್ದೀನ ನಮ್ಮ ಮನೆಗೆ ಹೇಳಿದ್ದಾರೆ. ಪಾಪ, ಯಾವ ತಾಯಿ ಹೆತ್ತ ಮಗನೋ ಏನೋ."

ಭಾವ ಮೇಜಿನ ಮೇಲಿದ್ದ ಫೋನನ್ನು ಕೈಗೆತ್ತಿಕೊಂಡ.

"ನಂಗಿನ್ನೂ ನಂಬೋಕೇ ಆಗ್ತಿಲ್ಲ ರೀ. ಪುಟ್ಟ ಅಲ್ಲೇ ಇದ್ದಾನಲ್ಲ, ಅವನಿಗೆ ಕೊಡಿ. ಅವನ ಹತ್ರ ಎರಡು ಮಾತಾಡಿದ್ರೆ ಸಮಾಧಾನ ಆಗುತ್ತೆ."

ಭಾವ ಸ್ಪೀಕರ್ ಆರಿಸಿ ಫೋನನ್ನು ಕಿವಿಗಿಟ್ಟುಕೊಂಡ.

"ಕೂತ್ಕೋ" ಎಂದ. "ಮೊದಲು ನೀನು ಕೂತ್ಕೋ."