ಅಪ್ಪ ಕಟ್ಟಿದ ಎರಡನೇ ಹಗ್ಗ

ಮನೆ ಪಕ್ಕದ ಸಿಲ್ವರ್ ಓಕ್ ಕಡಿಯಲು ಇವತ್ತು ಬೆಳಗ್ಗೆ ಕ್ರೇನ್ ಬಂತು. ಕೆಲಸದವನೊಬ್ಬ ಮಿಷನ್ ಗರಗಸದಲ್ಲಿ ಕೆಳಗಿನ ಕೊಂಬೆ ಕೊಯ್ದ. ಹಸಿ ಮರದ ಹುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಚಿಕ್ಕಂದಿನ ಹೆಗ್ಗದ್ದೆಯ ಕಾಫಿ ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿದ್ದೆ.

ಅಪ್ಪ ಮರ ಕಡಿಯುವ ಗ್ಯಾಂಗಿನ ಮೇಸ್ತ್ರಿ. ಬೀಡಿ ಹೊಗೆ ಬಿಟ್ಟು ಗಾಳಿ ಯಾವ ಕಡೆಗಿದೆ ಎಂದು ನೋಡದೆ ಕೊಡಲಿ ಮುಟ್ಟುತ್ತಿರಲಿಲ್ಲ. ಮನೆ ಹತ್ತಿರದ ಮರವಾದರೆ ಒಳಗಿದ್ದವರೆಲ್ಲ ಕಾಫಿ ಕಣಕ್ಕೆ ಹೋಗಿ ನಿಲ್ಲಬೇಕು. ಒಮ್ಮೆ ನಮ್ಮ ಮನೆಯ ಮೇಲೆಯೇ ವಾಲಿದ್ದ ಮರ ಕಡಿಯಬೇಕಾಯಿತು. ಅಪ್ಪ ಮರ ಹತ್ತಿ, ಆಚೆಗೆ ಎಳೆಯಲು ಹಗ್ಗ ಕಟ್ಟಿ ಇಳಿದ. ನಾವೆಲ್ಲ ಹೊರಗೆ ಬಂದೆವು, ಅಮ್ಮ ಬರಲಿಲ್ಲ.

"ಮುದ್ದೆ ಒಲೆ ಮೇಲೈತೆ, ಬಿಟ್ರೆ ಗಂಟಾಯ್ತದೆ. ಕಡಿಯೋನು ನೀನೇ ತಾನೆ? ಕಡಿ ಅತ್ಲಾಗೆ" ಎಂದಳು ಒಳಗಿಂದಲೇ.

ಅಪ್ಪ ಬೈದ. ಆಮೇಲೆ ಕೊಡಲಿ ಕೆಳಗಿಟ್ಟು, ಮತ್ತೆ ಮರ ಹತ್ತಿ, ಇನ್ನೊಂದು ಹಗ್ಗ ಕಟ್ಟಿ ಇಳಿದ. ಮರ ಮನೆ ಬಿಟ್ಟು ಕಾಫಿ ಸಾಲಿನ ನಡುವೆ ಬಿತ್ತು.

"ಆಯ್ತಾ? ಕೈ ತೊಳ್ಕಂಡ್ ಬಾ, ಬಿಸಿ ಐತೆ" ಎಂದಳು ಅಮ್ಮ.

ಅಪ್ಪ ಈಗಿಲ್ಲ. ಇವತ್ತು ಕ್ರೇನಿನವರು "ಎಲ್ರೂ ಆಚೆ ಬನ್ರೀ" ಎಂದು ಕೂಗಿದಾಗ, ಅಮ್ಮ ಗ್ಯಾಸ್ ಆರಿಸಿ ಎಲ್ಲರಿಗಿಂತ ಮೊದಲು ಹೊರಗೆ ಬಂದು ನಿಂತಳು.