ಬೆಂಕಿ ಗಾಡಿಯ ಗಂಟೆ

ರೋಣದ ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ ಬರುತ್ತಿದ್ದ ಕಾಲ ಅದು. ಅಪ್ಪನದು ಹಳೇ ಗಾಡಿಗಳ ವ್ಯಾಪಾರ. ಒಂದು ಬೇಸಿಗೆಯಲ್ಲಿ ಎಲ್ಲಿಂದಲೋ ಬೆಂಕಿ ಆರಿಸುವ ಗಾಡಿಯೊಂದನ್ನು ತಂದು ಮನೆಯ ಮುಂದೆ ನಿಲ್ಲಿಸಿದ. ಬಣ್ಣ ಮಾಸಿತ್ತು, ಆದರೆ ಏಣಿ, ಸುತ್ತಿಟ್ಟ ದಪ್ಪ ಪೈಪು, ಕೊಡಲಿ, ಹಿತ್ತಾಳೆ ಗಂಟೆ ಎಲ್ಲ ಇದ್ದವು. ಪೈಪಿಗೆ ಹಸಿ ಗೋಣಿಚೀಲದ ವಾಸನೆ. ನಾವು ಹುಡುಗಿಯರು ಅದರ ನೆರಳಲ್ಲೇ ಕೂತು ಒಗ್ಗರಣೆ ಚುರಮುರಿ ತಿನ್ನುತ್ತ, ಗಜಗದ ಕಾಯಿ ತೂರಿ ಹಿಡಿಯುತ್ತ ಆಡುತ್ತಿದ್ದೆವು.

ಗಿರಾಕಿ ಬಂದಾಗ ಪಂಪು ನಡೆಸಿ ತೋರಿಸಬೇಕೆಂದು ಅಪ್ಪ ಗೆಳೆಯನ ಹೊಲದ ಬೋರಿನಿಂದ ಗಾಡಿಯ ಟಾಕಿ ತುಂಬಿಸಿಟ್ಟಿದ್ದ. ತುಂಬಿದ ಟಾಕಿ ಬಾಗಿಲಲ್ಲೇ ನಿಂತಿರುವಾಗ ಖಾಲಿ ಕೊಡ ಇಟ್ಟುಕೊಂಡು ಕೂರುವ ಹೆಂಗಸರು ನಮ್ಮ ಓಣಿಯಲ್ಲಿ ಇರಲಿಲ್ಲ. ಸಂಜೆ ಅವ್ವ ಟಾಕಿಯ ನಳ ತಿರುವುತ್ತಿದ್ದಳು, ನಾನು ಗಂಟೆ ಬಾರಿಸುತ್ತಿದ್ದೆ, ಎಲ್ಲರೂ ಬಂದು ಬಳಸುವ ನೀರು ಒಯ್ಯುತ್ತಿದ್ದರು. ಅಪ್ಪ ಗೊಣಗುತ್ತಲೇ ಮತ್ತೆ ತುಂಬಿಸಿ ತರುತ್ತಿದ್ದ.

ಆಮೇಲೆ ಆ ಬೋರೂ ಬತ್ತಿತು. ನಳವೂ ಬರಲಿಲ್ಲ. ಉಳಿದದ್ದು ಟಾಕಿಯಲ್ಲಿದ್ದ ನೀರು ಮಾತ್ರ. ಅದೇ ಹೊತ್ತಿಗೆ ನರಗುಂದದಿಂದ ಹತ್ತಿ ಮಿಲ್ಲಿನ ಮಾಲೀಕರೊಬ್ಬರು ಗಾಡಿ ನೋಡಲು ಬಂದರು.

"ಪಂಪ್ ಚಾಲೂ ಮಾಡ್ರಿ. ನೀರು ಎಷ್ಟ್ ಎತ್ತರ ಹಾರತೈತಿ ನೋಡೂಣು," ಎಂದರು.

ಅವ್ವ ಕೊಡ ಸಮೇತ ಅಡ್ಡ ನಿಂತಳು. "ಓಣ್ಯಾಗ ಮಾರಿ ತೊಳಿಯಾಕ ನೀರಿಲ್ಲ. ಇದನ್ನ ಮಣ್ಣಿಗೆ ಹಾಕಾಕ ನಾ ಬಿಡಂಗಿಲ್ರಿ."

"ಸುಮ್ನಿರ. ಬಂದ ಗಿರಾಕಿ ಹೋದ್ರ ಮತ್ತ ಬರ್ತಾರೇನು?" ಎಂದ ಅಪ್ಪ. ಅವನ ದನಿ ಸಣ್ಣದಾಗಿತ್ತು. ಆ ಒಂದು ಗಾಡಿಯ ಮೇಲೆ ಕೈಯಲ್ಲಿದ್ದುದನ್ನೆಲ್ಲ ಹಾಕಿದ್ದ.

"ಚೆಲ್ಲೂದ ಯಾಕ?" ಎಂದಳು ಅವ್ವ. "ಮೂಲಿಮನಿ ಮಾಳಗಿ ಮ್ಯಾಲ ಟಾಕಿ ಐತಿ, ಅದಕ್ಕ ಪೈಪ್ ಬಿಡ್ರಿ. ನೀರು ಏರಿದ್ರ ಗಾಡಿ ತಗೋರಿ, ಏರದಿದ್ರ ಬಿಡ್ರಿ."

ಮಾಲೀಕರು ನಕ್ಕರು. "ಹಂಗ ಆಗಲಿ ಬಿಡ್ರಿ ಅವ್ವಾರ. ನಂಗ ಏರೂದು ಕಂಡ್ರ ಸಾಕು."

ಪಂಪು ಗುಡುಗಿತು. ಪೈಪು ಉಬ್ಬಿ ನೆಲದ ಮೇಲೆ ಹೊರಳಿತು. ಸೋರಿದ ಕಡೆಗೆಲ್ಲ ಹೆಂಗಸರು ತಂಬಿಗೆ, ಬೋಗುಣಿ ಒಡ್ಡಿದರು. ಮಾಳಿಗೆಯ ಮೇಲೆ ನೀರು ಬೀಳುವ ಸದ್ದು ಕೇಳಿದ ಮೇಲೆಯೇ ಅಪ್ಪ ಅವ್ವನ ಮುಖ ನೋಡಿದ್ದು.

ವ್ಯಾಪಾರ ಕುದುರಿತು. ಗಾಡಿ ಹೊರಟಾಗ ನಾನು ಗಂಟೆಯ ಹಗ್ಗ ಬಿಡಲಿಲ್ಲ. ಅವ್ವ, "ಗಂಟಿ ಒಂದು ಇರಲಿ ಬಿಡ್ರಿ," ಎಂದಳು.

"ಗಂಟಿ ಇಲ್ಲದ ಬೆಂಕಿ ಗಾಡಿಗೆ ಯಾರ್ ದಾರಿ ಬಿಡ್ತಾರ ತಂಗಿ?" ಎಂದು ಮಾಲೀಕರು ನನ್ನನ್ನೇ ಕೇಳಿದರು. ಅದೂ ಖರೆಯೇ. ಅಳುತ್ತ ಹಗ್ಗ ಬಿಟ್ಟೆ.

ಈಗ ಮನೆಮನೆಗೂ ಸಂಪು, ಮೋಟಾರು. ನೀರಿಗಾಗಿ ಯಾರಿಗೂ ಯಾರೂ ಬೇಕಿಲ್ಲ. ಮೊನ್ನೆ ನಾನು ಊರಿಗೆ ಹೋದಾಗ ಎದುರುಮನೆಯ ಮೋಟಾರು ಸುಟ್ಟಿತ್ತು. ಅವರು ಅಂಗಡಿಯಿಂದ ಕ್ಯಾನ್ ನೀರು ತಂದು ದಿನ ದೂಡುತ್ತಿದ್ದರು. ನಮಗೆ ಗೊತ್ತೇ ಇರಲಿಲ್ಲ.

"ನಮ್ಮ ಸಂಪ್ ತುಂಬೇತಲ್ಲ, ಒಂದ್ ಮಾತು ಹೇಳಬಾರದಿತ್ತೇನ?" ಎಂದು ಅವ್ವ ಆ ಮನೆಯ ಸೊಸೆಯನ್ನು ಕೇಳಿದಳು.

"ನಿಮ್ಮ ಬಾಗಿಲಾ ಹಾಕಿತ್ರಿ ಅತ್ತಿ. ಬಡದು ಕರಿಯಾಕ ಒಂಥರಾ ಆತು."

ಅವ್ವನೂ ನಾನೂ ಅವರ ಮನೆಗೆ ಕೊಡಗಟ್ಟಲೆ ನೀರು ಹೊತ್ತು ಹಾಕಿ ಬಂದೆವು. ಕಟ್ಟೆಯ ಮೇಲೆ ಕೂತು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಅವ್ವ ಹೇಳಿದಳು: "ಅವತ್ತ ನೀ ಆ ಗಂಟಿ ಹಗ್ಗಾ ಬಿಡಬಾರದಿತ್ತವ್ವಾ."