ಎಂಟು ಗಂಟೆಯ ಹಾದಿ

ಬಸ್ ಕಂಪನಿಯ ವಿಚಾರಣೆ ಮೇಜಿನಲ್ಲಿ ಕೂದಲು ನರೆಯುವಷ್ಟು ಕಾಲ ಕೂತ ಅವಳನ್ನು ಎಲ್ಲರೂ ದೂರದಕ್ಕ ಎನ್ನುತ್ತಿದ್ದರು. ದೂರ ಕೇಳುವವರಿಗೂ ದೂರು ಹೇಳುವವರಿಗೂ ಅಲ್ಲಿದ್ದದ್ದು ಒಂದೇ ಫೋನು, ಎತ್ತುವವಳೂ ಅವಳೊಬ್ಬಳೇ.

ದೂರದ ಮಹಾನಗರಕ್ಕೆ ವಿಮಾನ ಶುರುವಾದಾಗ ಮಾಲೀಕರು ಅವಳಿಗೆ ಹೊಸ ಲೆಕ್ಕ ಹೇಳಿಕೊಟ್ಟರು. ರಸ್ತೆಯ ಹೊತ್ತಿನಲ್ಲಿ ಎರಡು ಗಂಟೆ ಕಳೆಯಬೇಕು, ವಿಮಾನದ ಹೊತ್ತಿಗೆ ಸಿಕ್ಕಿದ್ದನ್ನೆಲ್ಲ ಕೂಡಬೇಕು. ಹತ್ತು ಗಂಟೆಯ ಹಾದಿಯನ್ನು ಎಂಟು ಎನ್ನಲು ಮೊದಮೊದಲು ಎಂಟೆದೆಯೇ ಬೇಕಾಯಿತು. ಆಮೇಲೆ ನಾಲಿಗೆ ಪಳಗಿತು.

"ವಿಮಾನ ಹಾರೋದು ಒಂದೇ ಗಂಟೆ ಸಾರ್, ಒಪ್ಕೋತೀನಿ. ಆದ್ರೆ ಊರಾಚೆ ಹೋಗ್ಬೇಕು, ಸಾಲಲ್ಲಿ ನಿಲ್ಬೇಕು, ತಪಾಸಣೆಗೆ ಬೆಲ್ಟ್ ಬಿಚ್ಬೇಕು, ಕಟ್ಕೋಬೇಕು, ಇಳಿದ್ಮೇಲೆ ಪೆಟ್ಟಿಗೆಗೆ ಕಾಯ್ಬೇಕು. ನಮ್ದು ಎಂಟೇ ಗಂಟೆ. ಕೂತ್ರೆ ಆಯ್ತು!"

ಅವಳು ಆ ಊರಿಗೆ ಅಕ್ಕನ ಮನೆಗೆಂದು ಹೋದಾಗಲೆಲ್ಲ ರಾತ್ರಿ ಬಸ್ಸು. ಕಣ್ಣು ಮುಚ್ಚಿದರೆ ಈ ಊರು, ಬಿಟ್ಟರೆ ಆ ಊರು. ನಡುವಿನ ಹೊತ್ತನ್ನು ಯಾರು ನೋಡಿದ್ದರು?

ಒಂದು ಬೆಳಗ್ಗೆ ಎಂಟರ ಹೊತ್ತಿಗೆ ಕಚೇರಿಗೇ ಭಾವನ ಫೋನ್ ಬಂತು.

"ಅಕ್ಕಂಗೆ ಹೃದಯದ ಆಪರೇಶನ್ ಕಣಮ್ಮ, ಈವತ್ತೇ. ಸಂಜೆ ಐದರ ಮೇಲೆ ಕಾಯೋಕಾಗಲ್ಲ ಅಂತಾರೆ ಡಾಕ್ಟ್ರು. ಒಳಗೆ ಹೋಗೋಕೆ ಮುಂಚೆ ನಿನ್ನ ನೋಡ್ಬೇಕಂತೆ, ಒಂದೇ ಹಠ. ಎಷ್ಟೊತ್ತಾಗುತ್ತೆ?"

"ಎಂಟು ಗಂಟೆ ಭಾವ. ಈಗ್ಲೇ ಹೊರಟೆ, ನಾಲ್ಕಕ್ಕೆಲ್ಲ ಅಲ್ಲಿರ್ತೀನಿ."

ಟಿಕೆಟ್ ಗುಮಾಸ್ತ ಹೇಳಿದ: "ಅಕ್ಕ, ವಿಮಾನದಲ್ಲಿ ಸೀಟಿದೆ, ನೋಡ್ಲಾ?"

"ನನಗೇ ಪಾಠ ಹೇಳ್ತೀಯಾ? ಬೆಲ್ಟ್ ಬಿಚ್ಚೋದ್ರೊಳಗೆ ನಾನು ಅರ್ಧ ದಾರಿ ದಾಟಿರ್ತೀನಿ," ಎಂದು ಹೊರಟ ಬಸ್ಸನ್ನು ಕೈಯೊಡ್ಡಿ ನಿಲ್ಲಿಸಿ ಹತ್ತಿದಳು.

ನಾಲ್ಕು ಗಂಟೆಗೆ ಕಿಟಕಿಯಾಚೆ ಊರಿರಲಿಲ್ಲ. ಬರೀ ಬಯಲು, ಇಟ್ಟಿಗೆ ಗೂಡುಗಳು.

"ಯಾಕೆ ಇಷ್ಟು ತಡ?" ಎಂದಳು ಕಂಡಕ್ಟರನಿಗೆ.

"ತಡ ಎಲ್ಲಿ ಬಂತು ದೂರದಕ್ಕ? ಇನ್ನೆರಡು ಗಂಟೆ ಹಾದಿ ಇದ್ದೇ ಇದೆಯಲ್ಲ. ಜನಕ್ಕೆ ಹೇಳಿ ಹೇಳಿ ನೀವೂ ನಂಬಿಬಿಟ್ರಾ?" ಅವನು ನಕ್ಕ. ಅವಳ ಮುಖ ನೋಡಿ ನಗು ನುಂಗಿಕೊಂಡ, ಡ್ರೈವರನ ಬಳಿ ಹೋಗಿ ಏನೋ ಪಿಸುಗುಟ್ಟಿದ. ಬಸ್ಸು ಕೈಲಾದಷ್ಟು ಓಡಿತು. ಅವಳು ಫೋನು ತೆಗೆದಳು, ಮಾಡಲಿಲ್ಲ. ಏನೆಂದು ಹೇಳುವುದು?

ಆಸ್ಪತ್ರೆ ಮುಟ್ಟಿದಾಗ ಅಕ್ಕನನ್ನು ಒಳಗೆ ಕರೆದೊಯ್ದಾಗಿತ್ತು. ಕತ್ತಲಾಗುವ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು. ಅಕ್ಕ ಉಳಿಯಲಿಲ್ಲ.

ಭಾವ ಬೆಂಚಿನ ಮೇಲೆ ಅವಳಿಗೂ ಜಾಗ ಮಾಡಿಕೊಟ್ಟ.

"ಬಾಗಿಲ ಕಡೇನೇ ನೋಡ್ತಿದ್ಲು ಕಣಮ್ಮ. ಬರ್ತಾಳೆ ಬಿಡೇ, ಅವಳಿಗಿಂತ ಚೆನ್ನಾಗಿ ದಾರಿ ಲೆಕ್ಕ ಗೊತ್ತಿರೋರು ಯಾರು ಅಂತ ನಾನೇ ಸಮಾಧಾನ ಮಾಡ್ದೆ." ಅವನು ಮೂಗೊರೆಸಿಕೊಂಡ. "ಏನಾಯ್ತು? ದಾರೀಲಿ ಬಸ್ ಕೆಟ್ಟಿತ್ತಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಭಾವನೇ ಹೇಳಿಕೊಟ್ಟ ಉತ್ತರ.

"ಇಲ್ಲ ಭಾವ," ಎಂದಳು. "ಬಸ್ಸು ಸರಿಯಾದ ಹೊತ್ತಿಗೇ ಬಂತು."